ಸಕ್ಕರೆ ಬಟ್ಟಲ ಮೇಲೆ ಬರೆದಿದ್ದ ಸಾಲು

ನಮ್ಮ ಬೀದಿ ಶೆಟ್ರ ಅಂಗಡೀಲಿ ಹತ್ತು ರೂಪಾಯಿ ಚಿಲ್ಲರೆ ಜಾಸ್ತಿ ಬಂದ್ರೂ ವಾಪಸ್ ಹೋಗಿ ಕೊಟ್ಟು ಬರ್ತೀನಿ. ಆದ್ರೆ ಹೋದ ತಿಂಗಳು ಆ್ಯಪಲ್ಲಿ ಒಂದು ಕೆಜಿ ತೊಗರಿಬೇಳೆ ಆರ್ಡರ್ ಮಾಡಿದ್ರೆ ಎರಡು ಪ್ಯಾಕೆಟ್ ಬಂತು, ಪ್ಯಾಕ್ ಮಾಡಿದ ಹುಡುಗ ಯಾರೋ ಏನೋ, ಎರಡನ್ನೂ ಡಬ್ಬಕ್ಕೆ ಸುರಿದೆ. ನಿದ್ದೆ ಏನೂ ಕೆಡ್ಲಿಲ್ಲ.

ಈ ನಿದ್ದೆ ವಿಷ್ಯನೇ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1759ರಲ್ಲಿ ಬರೆದಿದ್ದ. ಇಡೀ ಚೀನಾ ಭೂಕಂಪಕ್ಕೆ ಮುಳುಗಿಹೋಯ್ತು ಅನ್ಕೊಳ್ಳಿ, ಯುರೋಪಿನ ಒಬ್ಬ ಸಭ್ಯ ಮನುಷ್ಯ ಅಯ್ಯೋ ಪಾಪ ಅಂತಾನೆ, ವ್ಯಾಪಾರಕ್ಕೆ ಏನಾಗುತ್ತೋ ಅಂತ ಸ್ವಲ್ಪ ಯೋಚಿಸ್ತಾನೆ, ಆಮೇಲೆ ಗೊರಕೆ ಹೊಡೀತಾನೆ. ನಾಳೆ ನಿನ್ನ ಕಿರುಬೆರಳು ಹೋಗುತ್ತೆ ಅಂದ್ರೆ ಮಾತ್ರ ರಾತ್ರಿಯಿಡೀ ಕಣ್ಣು ಮುಚ್ಚಲ್ಲ. ಜನ ಇಷ್ಟಕ್ಕೇ ನಿಲ್ಲಿಸ್ತಾರೆ, ಸ್ಮಿತ್ ನಿಲ್ಲಿಸಲ್ಲ: ಆ ಬೆರಳು ಉಳಿಸ್ಕೊಳ್ಳೋಕೆ ಕೋಟಿಗಟ್ಲೆ ಜನರನ್ನ ಬಲಿ ಕೊಡ್ತಾನಾ ಅಂತ ಕೇಳಿ, ಇಲ್ಲ, ಒಳಗೊಬ್ಬ ನ್ಯಾಯಾಧೀಶ ಕೂತಿದ್ದಾನೆ, ಅವನು ಬಿಡಲ್ಲ ಅಂತಾನೆ.

ಗ್ಲಾಸ್ಗೋದಲ್ಲಿ ಪಾಠ ಮಾಡೋವಾಗ ಅವನು ಇನ್ನೊಂದು ಹೇಳ್ದ. ಯುರೋಪಲ್ಲೇ ಹೆಚ್ಚು ವ್ಯಾಪಾರ ಮಾಡೋ ಡಚ್ಚರೇ ಮಾತಿಗೆ ಹೆಚ್ಚು ನಿಲ್ಲೋರು, ಇಂಗ್ಲಿಷರು ಅವರಿಗಿಂತ ಕಮ್ಮಿ, ನಮ್ಮ ಸ್ಕಾಟರು ಇನ್ನೂ ಕಮ್ಮಿ ಅಂತ. ಡಚ್ಚರ ರಕ್ತದಲ್ಲಿ ಏನೂ ಇಲ್ಲ, ದಿನಕ್ಕೆ ಇಪ್ಪತ್ತು ವ್ಯವಹಾರ ಮಾಡೋನು ಒಂದರಲ್ಲಿ ಟೋಪಿ ಹಾಕಿದ್ರೆ ಮಿಕ್ಕಿದ್ದೆಲ್ಲಾ ಕೆಡುತ್ತೆ, ಅಷ್ಟೇ. ಶತಮಾನಕ್ಕೆ ಎರಡೋ ಮೂರೋ ಸಲ ಒಪ್ಪಂದ ಮಾಡ್ಕೊಳ್ಳೋ ದೇಶಗಳಿಗೆ ಆ ಭಯ ಇಲ್ಲ, ಅಲ್ಲಿ ಮೋಸ ಮಾಡಿದ ರಾಯಭಾರಿಗೆ ಶಭಾಷ್‌ಗಿರಿ ಸಿಗುತ್ತೆ.

ಇದು ನಿಜಾನಾ ಅಂತ ನೋಡೋಕೆ ಇನ್ನೂರು ವರ್ಷಕ್ಕಿಂತ ಜಾಸ್ತಿ ಹಿಡೀತು. 1990ರ ದಶಕದಲ್ಲಿ ಜೋಸೆಫ್ ಹೆನ್ರಿಚ್ ಅನ್ನೋ ಮಾನವಶಾಸ್ತ್ರಜ್ಞ ಪೆರು ದೇಶದ ಅಮೆಜಾನ್ ಕಾಡಿನ ಮಚಿಗೆಂಗ ಜನರ ಹತ್ರ ಒಂದು ಆಟ ಆಡಿಸ್ದ. ಒಬ್ಬನಿಗೆ ದುಡ್ಡು ಕೊಡೋದು, ಅವನು ಯಾರು ಅಂತ ಗೊತ್ತಿಲ್ದಿರೋ ಇನ್ನೊಬ್ಬನಿಗೆ ಒಂದು ಪಾಲು ಕೊಡಬೇಕು, ಆ ಇನ್ನೊಬ್ಬ ಬೇಡ ಅಂದ್ರೆ ಇಬ್ಬರಿಗೂ ಸೊನ್ನೆ. ಮಚಿಗೆಂಗರು ಸರಾಸರಿ ನೂರಕ್ಕೆ 26 ಕೊಟ್ರು, ಅಮೆರಿಕದ ಸ್ಟೂಡೆಂಟ್ಸ್ ಹೆಚ್ಚುಕಮ್ಮಿ ಅರ್ಧ. ಆಮೇಲೆ 15 ಸಣ್ಣ ಸಮುದಾಯಗಳಲ್ಲಿ ಆಡಿಸಿದಾಗ ಸಂತೆ ವ್ಯಾಪಾರ ಜಾಸ್ತಿ ಇದ್ದ ಕಡೆ ಕೊಡೋದೂ ಜಾಸ್ತಿ ಇತ್ತು. ಸಂತೆಯೊಂದೇ ಕಾರಣ ಅನ್ನೋಕೂ ಆಗಲ್ಲ, ಇಂಡೋನೇಷ್ಯಾದ ಲಾಮಲೆರಾದಲ್ಲಿ ಒಟ್ಟಿಗೆ ತಿಮಿಂಗಿಲ ಬೇಟೆಯಾಡಿ ಪಾಲು ಹಾಕ್ಕೊಳ್ಳೋರು ಅರ್ಧಕ್ಕಿಂತ ಜಾಸ್ತಿನೇ ಕೊಟ್ರು.

ಸರಿ, ಎದುರಿಗೆ ಕೂತು ವ್ಯವಹಾರ ಮಾಡೋನ ಜೊತೆ ನಿಯತ್ತು ಬಂತು. ಸರಕಿನ ಹಿಂದೆ ಇರೋನ ಕಥೆ? ಅದಕ್ಕೆ ಸಕ್ಕರೆ ನೋಡಬೇಕು. ಮಾತಿಗೆ ತಪ್ಪದ ಅದೇ ಲಂಡನ್ ವರ್ತಕರ ಟೀ ಕಪ್ಪಿಗೆ ಬೀಳ್ತಿದ್ದದ್ದು ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರು ಬೆಳೆದ ಕಬ್ಬಿನ ಸಕ್ಕರೆ. 1791ರಲ್ಲಿ ಗುಲಾಮರ ವ್ಯಾಪಾರ ನಿಲ್ಸೋ ಪ್ರಸ್ತಾಪನ ಬ್ರಿಟನ್ ಪಾರ್ಲಿಮೆಂಟು ಸೋಲಿಸ್ತು. ಅದೇ ವರ್ಷ ವಿಲಿಯಂ ಫಾಕ್ಸ್ ಅನ್ನೋನು ಒಂದು ಕರಪತ್ರದಲ್ಲಿ ಅಂಗಡಿ ಲೆಕ್ಕದ ಥರ ಬರೆದ: ವಾರಕ್ಕೆ ಐದು ಪೌಂಡ್ ಸಕ್ಕರೆ ಬಳಸೋ ಒಂದು ಮನೆಯವರು 21 ತಿಂಗಳು ಅದನ್ನೂ ರಮ್ಮನ್ನೂ ಬಿಟ್ರೆ ಒಬ್ಬ ಮನುಷ್ಯ ಗುಲಾಮ ಆಗೋದೋ ಕೊಲೆಯಾಗೋದೋ ತಪ್ಪುತ್ತೆ. ಸಾವಿರಾರು ಮೈಲಿ ದೂರ ಇದ್ದೋನನ್ನ ತಂದು ಅಡುಗೆಮನೆ ಡಬ್ಬದಲ್ಲಿ ಕೂರಿಸಿದ ಹಾಗಾಯ್ತು. ಸುಮಾರು ಮೂರು ಲಕ್ಷ ಜನ ಸಕ್ಕರೆ ಬಿಟ್ರು ಅಂತ ಗುಲಾಮರ ವ್ಯಾಪಾರ ವಿರೋಧಿ ಚಳವಳಿಯ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದ. ಮನೆ ಹೆಂಗಸರಿಗೆ ಓಟಿರಲಿಲ್ಲ, ಸಕ್ಕರೆ ಡಬ್ಬ ಮಾತ್ರ ಅವರ ಕೈಯಲ್ಲೇ ಇತ್ತು.

ವ್ಯಾಪಾರಿಗಳು ಬಿಡ್ತಾರಾ! 'ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ' ಅಂತ ಬರೆದ ಬಟ್ಟಲುಗಳೇ ಮಾರಾಟಕ್ಕೆ ಬಂದ್ವು. ಅಂದ್ರೆ ಕಂಪನಿ ಆಳ್ತಿದ್ದ ನಮ್ಮ ಕಡೆಯ ಸಕ್ಕರೆ. ಕಂಪನಿ ಇಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದಿದ್ದು 1843ರಲ್ಲಿ, ಬಟ್ಟಲು ಬಂದು ಎಷ್ಟೋ ವರ್ಷ ಆದ್ಮೇಲೆ.