ಜ್ಞಾನೋಪದೇಶ ಮಕ್ಕಳಿಗೆ ಮಾತ್ರ ಅಂತ ಆಗಿದ್ದು ಹೇಗೆ?

ಮೈಸೂರು, ಮಂಡ್ಯದ ಕಡೆ ಕಥೋಲಿಕ ಚರ್ಚುಗಳಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳು ಜ್ಞಾನೋಪದೇಶಕ್ಕೆ, ಅಂದರೆ ಧರ್ಮದ ಪಾಠಕ್ಕೆ, ಹೋಗುತ್ತಾರೆ. ದೊಡ್ಡವರು ಚರ್ಚಿನ ಅಂಗಳದಲ್ಲಿ ಬೈಕ್ ಪಕ್ಕ ಮಾತಾಡುತ್ತಾ ಕಾಯುತ್ತಾರೆ. ವಿಶ್ವಾಸವನ್ನು ಗಟ್ಟಿಮಾಡುವ ದೃಢೀಕರಣ ಸಂಸ್ಕಾರ ಆಯ್ತು ಅಂದರೆ ಕಲಿಯೋದು ಮುಗೀತು ಅನ್ನೋ ಭಾವನೆ ನಮ್ಮಲ್ಲಿ ಜಾಸ್ತಿ.

ಶುರುವಿನಲ್ಲಿ ಹೀಗಿರಲಿಲ್ಲ. ಕ್ರೈಸ್ತ ಧರ್ಮದ ಮೊದಲ ಶತಮಾನಗಳಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ದೊಡ್ಡವರೇ. ಕ್ರೈಸ್ತರಾಗಲು ಪಡೆಯುವ ದೀಕ್ಷಾಸ್ನಾನಕ್ಕೆ (ಬ್ಯಾಪ್ಟಿಸಂ) ಮುಂಚೆ ಕೆಲವು ಕಡೆ ಮೂರು ವರ್ಷ ಉಪದೇಶ ಕೇಳಬೇಕಿತ್ತು. 387ರಲ್ಲಿ ದೀಕ್ಷಾಸ್ನಾನ ಪಡೆದಾಗ ಸಂತ ಅಗಸ್ಟೀನರಿಗೆ ಮೂವತ್ತು ದಾಟಿತ್ತು. ನಮ್ಮ ಸೀಮೆಯಲ್ಲೂ ಅಷ್ಟೇ. 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆ (ಜೆಸ್ವಿಟ್) ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಉಪದೇಶ ಮಾಡಿದ್ದು ಬೆಳೆದ ಜನಕ್ಕೇ.

ಹಸುಗೂಸುಗಳಿಗೇ ದೀಕ್ಷಾಸ್ನಾನ ಕೊಡೋದು ರೂಢಿಯಾದ ಮೇಲೆ ಪಾಠವೂ ಮಕ್ಕಳ ಕಡೆ ಸರಿಯಿತು. 1905ರಲ್ಲಿ ಪೋಪ್ ಹತ್ತನೇ ಪಯಸ್, ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಪ್ರತಿ ಭಾನುವಾರ ಕಲಿಸಬೇಕು ಎಂದು ಗುರುಗಳಿಗೆ ಆಜ್ಞೆ ಮಾಡಿದರು. ವಿಶ್ವಾಸ ಪ್ರಮಾಣ, ಸಂಸ್ಕಾರಗಳು, ದಶಾಜ್ಞೆ, ಪ್ರಾರ್ಥನೆ ಎಲ್ಲವೂ ನಾಲ್ಕೈದು ವರ್ಷದಲ್ಲಿ ಒಂದು ಸುತ್ತು ಮುಗಿಯಬೇಕಿತ್ತು. 1910ರಲ್ಲಿ ಅವರೇ ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಪೂಜೆಯಲ್ಲಿ ಹಂಚುವ ಪರಮಪ್ರಸಾದ (ಕಮ್ಯುನಿಯನ್) ಕೊಡಿ ಎಂದರು. ಈ ಎರಡನೆಯದು ಮನೆಮನೆಯ ಹಬ್ಬವಾಯಿತು. ಮೊದಲಿನದನ್ನು ನಾವು ಮರೆತೆವು ಅಂತಲೇ ನನಗನಿಸುತ್ತದೆ.

ಲೋಕದ ಕಥೋಲಿಕ ಬಿಷಪ್ಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಹಳೆಯ ದಾರಿಯನ್ನು ಮತ್ತೆ ತೆರೆಯಿತು. ದೊಡ್ಡವರನ್ನು ದೀಕ್ಷಾಸ್ನಾನಕ್ಕೆ ಹಂತಹಂತವಾಗಿ ಸಿದ್ಧಪಡಿಸುವ ವಿಧಿ 1972ರಲ್ಲಿ ಬಂತು. ದೊಡ್ಡವರಿಗೆ ಕೊಡುವ ಉಪದೇಶವೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬರೆದರು. ಇಡೀ ದೇಶಕ್ಕೆ ಈ ಕೆಲಸದಲ್ಲಿ ದಾರಿ ತೋರಿದ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಮೈಸೂರಿನಲ್ಲೇ ನೆಲೆಸಿದ್ದರು. ಚಾಮುಂಡಿ ಬೆಟ್ಟದ ಬುಡದ ಅಂಜಲಿ ಆಶ್ರಮ ಅವರು ಕಟ್ಟಿದ್ದು.

ಇದೆಲ್ಲ ಸುಮ್ನೆ ಇತಿಹಾಸ ಅಲ್ಲ. 'ಅಪ್ಪಾ, ಮಾಡಿದ ಪಾಪನ ಚರ್ಚಿನ ಸ್ವಾಮಿಗಳ ಹತ್ರ ಯಾಕೆ ಹೇಳ್ಬೇಕು? ದೇವರಿಗೇ ಹೇಳಬಹುದಲ್ವಾ?' ಅಂತ ಮಗಳು ಕೇಳಿದರೆ, ಚಿಕ್ಕಂದಿನ ಬಾಯಿಪಾಠ ಸಾಲದು. ಪುನರುತ್ಥಾನದ ಸಂಜೆ ಯೇಸು ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪ ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ಸಿಗುತ್ತದೆ ಎಂದದ್ದು ಬೈಬಲಿನ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಅದನ್ನು ಮಗಳ ಜೊತೆ ಕೂತು ಓದಬೇಕಾದವರು ಅಪ್ಪ ಅಮ್ಮನೇ. ಮಕ್ಕಳ ತರಗತಿ ನಡೆಯುವ ಹೊತ್ತಿನಲ್ಲೇ ಪಕ್ಕದ ಕೋಣೆಯಲ್ಲಿ ದೊಡ್ಡವರಿಗೂ ಒಂದು ಪಾಠ ಇಡಿ ಎಂದು ನಮ್ಮ ನಮ್ಮ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳನ್ನು ಕೇಳಬಹುದು.