ದಿನಾ ಪ್ರಾರ್ಥನೆ ಮಾಡಿದರೂ ಸಿಟ್ಟು ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ಬೆಳಿಗ್ಗೆ ಬೈಬಲ್ ಓದಿ, ಪ್ರಾರ್ಥನೆ ಮಾಡಿಯೇ ಟೊಮೆಟೊ ಮಂಡಿಗೆ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತೇನೆ. ಎಂಟು ಗಂಟೆಯೊಳಗೆ ಯಾರಿಗಾದರೂ ಬೈದಿರುತ್ತೇನೆ. ತಾಳ್ಮೆ ಕೊಡು ಅಂತ ಕೇಳಿ ಕೇಳಿ ಸಾಕಾಗಿದೆ. ಒಳ್ಳೆ ಗುಣ ದೇವರು ಕೊಡುವುದಾ, ನಾವೇ ರೂಢಿ ಮಾಡಿಕೊಳ್ಳಬೇಕಾ?
– ಒಬ್ಬ ಓದುಗರು, ಕೋಲಾರ

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರಿಗೆ ಸಿಟ್ಟು, ಇನ್ನೊಬ್ಬರಿಗೆ ಚಾಡಿ, ಮತ್ತೊಬ್ಬರಿಗೆ ಬಾಯಿಗೆ ಬಂದ ಸುಳ್ಳು. ಚುಟುಕಾಗಿ ಹೇಳುವುದಾದರೆ, ಗುಣ ಕೊಡುವವನು ದೇವರೇ, ಆದರೆ ಅದು ಮೈಗೂಡುವುದು ರೂಢಿಯಿಂದ. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. 12ನೇ ವಚನದಲ್ಲಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಎನ್ನುತ್ತಾನೆ. 13ರಲ್ಲಿ ನಿಮ್ಮೊಳಗೆ ಕೆಲಸ ನಡೆಸುವವನು ದೇವರೇ ಎನ್ನುತ್ತಾನೆ. ನಮ್ಮಲ್ಲಿ ಕೆಲವರು 12ಕ್ಕೇ ನಿಂತುಬಿಡುತ್ತಾರೆ. ಕೆಲವರು 13ನ್ನು ಮಾತ್ರ ಬಾಯಿಪಾಠ ಮಾಡಿರುತ್ತಾರೆ.

ಈ ಗೊಂದಲವನ್ನು ಮೈಮೇಲೆ ಎಳೆದುಕೊಂಡು ಒದ್ದಾಡಿದವರಲ್ಲಿ ಜಾನ್ ವೆಸ್ಲಿ (1703–1791) ಒಬ್ಬರು. ಕೋಲಾರದವರಿಗೆ ಮೆಥೊಡಿಸ್ಟ್ ಅನ್ನುವ ಹೆಸರು ಹೊಸದೇನಲ್ಲ, ಇ.ಟಿ.ಸಿ.ಎಂ. ಆಸ್ಪತ್ರೆ ಅವರದ್ದೇ ಅಲ್ವಾ? ಆ ಪಂಗಡದ ಮೂಲಪುರುಷ ಈ ವೆಸ್ಲಿ. ಆಕ್ಸ್‌ಫರ್ಡ್‌ನಲ್ಲಿದ್ದಾಗ ಅವರೂ ಗೆಳೆಯರೂ ಪ್ರಾರ್ಥನೆಗೆ ಇಂತಿಷ್ಟು ಹೊತ್ತು, ವಾರಕ್ಕೆ ಎರಡು ದಿನ ಉಪವಾಸ, ಜೈಲಿನಲ್ಲಿರುವವರ ಭೇಟಿ ಅಂತೆಲ್ಲ ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ಉಳಿದ ವಿದ್ಯಾರ್ಥಿಗಳು ನೋಡಿ ನಗುತ್ತಿದ್ದರು. ಇಷ್ಟೆಲ್ಲ ರೂಢಿ ಇದ್ದರೂ ಅಮೆರಿಕಕ್ಕೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಾಗ ವೆಸ್ಲಿ ಸಾವಿಗೆ ಹೆದರಿ ನಡುಗಿದರು. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಪಂಗಡದ ಜರ್ಮನ್ ಕ್ರೈಸ್ತರು ಹೆಂಡತಿ ಮಕ್ಕಳ ಜೊತೆ ಕೂತು ಕೀರ್ತನೆ ಹಾಡುತ್ತಿದ್ದರು. ಇವರಲ್ಲಿ ಇರುವುದು ನನ್ನಲ್ಲಿ ಇಲ್ಲ ಅನ್ನುವುದು ವೆಸ್ಲಿಗೆ ಚುಚ್ಚಿತು.

1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ಕ್ರಿಸ್ತನನ್ನೇ ನಂಬಿಕೊಂಡಿದ್ದೇನೆ ಅನ್ನುವ ಭರವಸೆ ಅವರಿಗೆ ಮೊದಲ ಸಲ ಹುಟ್ಟಿತು. ನನಗೆ ಮುಖ್ಯ ಅನ್ನಿಸುವುದು ಆಮೇಲಿನ ಕಥೆ. ನಂಬಿಕೆ ಬಂತು ಅಂತ ವೆಸ್ಲಿ ಉಪವಾಸ ಬಿಡಲಿಲ್ಲ, ಬೆಳಗಿನ ಪ್ರಾರ್ಥನೆಯನ್ನೂ ಬಿಡಲಿಲ್ಲ. ರೂಢಿ ಅದೇ, ಕಾರಣ ಬದಲಾಯಿತು. ಮೊದಲು ದೇವರ ಮೆಚ್ಚುಗೆ ಗಳಿಸಲು ಮಾಡುತ್ತಿದ್ದರು. ಆಮೇಲೆ ಮೆಚ್ಚುಗೆ ಸಿಕ್ಕಿದೆ ಅಂತ ಮಾಡಿದರು. ಪ್ರಾರ್ಥನೆ, ಬೈಬಲ್ ವಾಕ್ಯ, ಕರ್ತನ ಭೋಜನ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಇವೆಲ್ಲ ಕೃಪೆ ಹರಿದುಬರುವ ದಾರಿಗಳು ಎಂದು ಬೋಧಿಸಿದರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ರಿಪ್ ಪೈಪು ನೀರು ಹುಟ್ಟಿಸುವುದಿಲ್ಲ, ಬುಡಕ್ಕೆ ತಲುಪಿಸುತ್ತದೆ ಅಷ್ಟೆ.

ಈಗ ನಿಮ್ಮ ಮಂಡಿಗೆ ಬರೋಣ. ಪೈಪು ಇದೆ, ಆದರೆ ಗಿಡದಿಂದ ನಾಲ್ಕು ಮಾರು ದೂರ ಬಿದ್ದಿದೆ. ತಾಳ್ಮೆ ಕೇಳುವುದು ಬೆಳಿಗ್ಗೆ ಐದಕ್ಕೆ, ಮನೆಯಲ್ಲಿ. ಅದು ಬೇಕಾಗುವುದು ಏಳೂವರೆಗೆ, ಹರಾಜು ಕೂಗುವ ಗಲಾಟೆಯಲ್ಲಿ. 15 ಕೆಜಿ ಬಾಕ್ಸಿನ ಮೇಲೆ ದಪ್ಪ ಹಣ್ಣು, ಒಳಗೆ ಕೈ ಹಾಕಿದರೆ ಗೋಲಿಯಷ್ಟು ಸಣ್ಣವು. ವ್ಯಾಪಾರಿ ತಗಾದೆ ತೆಗೆಯುತ್ತಾನೆ. ರೇಟು ಬೇರೆ ಬಿದ್ದಿದೆ. ರಾತ್ರಿಯಿಡೀ ನಿದ್ದೆಗೆಟ್ಟ ರೈತ ನೀವು ಬರೆದುಕೊಟ್ಟ ಲೆಕ್ಕದ ಚೀಟಿ ಹಿಡಿದು, "ಇಷ್ಟೇನಾ ಸ್ವಾಮಿ?" ಅಂತ ಮೂರನೇ ಸಲ ಕೇಳುತ್ತಾನೆ. ನಿಮ್ಮ ಬಾಯಿ ಜಾರುವುದು ಆ ಮೂರನೇ ಸಲಕ್ಕೆ. ಹಾಗಿದ್ದರೆ ಅಭ್ಯಾಸವೂ ಅಲ್ಲೇ ಶುರುವಾಗಬೇಕು.

ಬೆಳಗಿನ ಪ್ರಾರ್ಥನೆಯಲ್ಲಿ ಸುಮ್ನೆ ತಾಳ್ಮೆ ಕೊಡು ಅನ್ನಬೇಡಿ. ಆ ಚೀಟಿ, ಆ ಮೂರನೇ ಪ್ರಶ್ನೆ ಕಣ್ಣ ಮುಂದೆ ತಂದುಕೊಂಡು ಕೇಳಿ. ಆ ಹೊತ್ತು ಬಂದಾಗ ಬರೆಯುತ್ತಿರುವ ಸಾಲು ಮುಗಿಸಿ, ಪೆನ್ನು ಕೆಳಗಿಡಿ, ತಲೆಯೆತ್ತಿ ಎದುರಿಗಿರುವವರ ಮುಖ ನೋಡಿ, ಆಮೇಲೆ ಮಾತಾಡಿ. ಕೇಳುವುದರಲ್ಲಿ ಚುರುಕು, ಮಾತಾಡುವುದರಲ್ಲಿ ನಿಧಾನ ಎಂದು ಯಾಕೋಬ ತನ್ನ ಪತ್ರದಲ್ಲಿ ಬರೆದಿದ್ದು ಇಂಥ ಹೊತ್ತಿಗೇ. ಪೆನ್ನು ಕೆಳಗಿಡುವುದು ತೀರಾ ಚಿಕ್ಕ ಕೆಲಸ ಅನ್ನಿಸಬಹುದು. ಚಿಕ್ಕದಾಗಿರುವುದರಿಂದಲೇ ದಿನಾ ಮಾಡಬಹುದು.

ಗಲಾತ್ಯ 5ರಲ್ಲಿ ಪ್ರೀತಿಯಿಂದ ಹಿಡಿದು ಶಮೆದಮೆಯವರೆಗೆ (ಅಂದರೆ ಮನಸ್ಸಿನ ಹಿಡಿತ) ಆತ್ಮನ ಫಲ ಎಂದು ಒಂಬತ್ತು ಗುಣಗಳನ್ನು ಹೇಳಿದೆ. ಒಂಬತ್ತಕ್ಕೂ ಒಟ್ಟಿಗೆ ಕೈ ಹಾಕಬೇಡಿ. ನಿಮ್ಮದು ಸದ್ಯಕ್ಕೆ ದೀರ್ಘಶಾಂತಿ, ಅಂದರೆ ತಾಳ್ಮೆ, ಅದೊಂದನ್ನೇ ಹಿಡಿಯಿರಿ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಗುರುಗಳ ಸಭೆ ಕಟ್ಟಿದ ಇಗ್ನೇಷಿಯಸ್ ಲೊಯೊಲಾ 16ನೇ ಶತಮಾನದಲ್ಲೇ ಇದಕ್ಕೊಂದು ಕ್ರಮ ಕಲಿಸಿದ್ದಾರೆ. ಒಂದು ದೋಷವನ್ನು ಮಾತ್ರ ಆರಿಸಿಕೊಳ್ಳಬೇಕು. ಜಾರಿದ ಕೂಡಲೇ ಯಾರಿಗೂ ಗೊತ್ತಾಗದ ಹಾಗೆ ಎದೆಯ ಮೇಲೆ ಕೈ ಇಟ್ಟು ದುಃಖಪಡಬೇಕು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಲೆಕ್ಕ ನೋಡಿ, ಎಷ್ಟು ಸಲ ಜಾರಿದೆವೋ ಅಷ್ಟು ಚುಕ್ಕೆ ಗೆರೆಯ ಮೇಲೆ ಇಡಬೇಕು. ಇವತ್ತನ್ನು ನಿನ್ನೆಯ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಹೋಲಿಸಬೇಕು. ಮಂಡಿಯ ಲೆಕ್ಕ ಬರೆಯುವವರಿಗೆ ಇದೇನು ಕಷ್ಟ? ನೀವು ಕ್ಯಾಥೊಲಿಕ್ ಅಲ್ಲದಿದ್ದರೂ ಇದನ್ನು ಬಳಸಲು ಯಾವ ಅಡ್ಡಿಯೂ ಇಲ್ಲ. ಚುಕ್ಕೆ ಕಡಿಮೆಯಾದ ದಿನ ಮಾತ್ರ ಹುಷಾರು, ಅವತ್ತು ಬೇರೆಯವರ ಸಿಟ್ಟು ಎದ್ದು ಕಾಣುತ್ತದೆ!

ಬೈದದ್ದು ಆಗಿಹೋಯಿತು ಅನ್ನಿ. ಆಗೇನು? ನಮ್ಮವರು ಹೆಚ್ಚಾಗಿ ಮನೆಗೆ ಬಂದು ಮೊಣಕಾಲೂರಿ ದೇವರ ಹತ್ತಿರ ಕ್ಷಮೆ ಕೇಳುತ್ತಾರೆ. ಅದು ಬೇಕು, ಆದರೆ ಅದು ಸಲೀಸಾದ ಅರ್ಧ. ಹಮಾಲಿಗೆ ಬೈದಿದ್ದರೆ ಹಮಾಲಿಯ ಹತ್ತಿರ ಹೋಗಬೇಕು. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ. ಹೊತ್ತು ಮುಳುಗುವ ಮುಂಚೆ ಸಿಟ್ಟು ತೀರಲಿ ಎಂದು ಎಫೆಸದವರಿಗೆ ಬರೆದ ಪತ್ರ ಗಡುವು ಬೇರೆ ಕೊಡುತ್ತದೆ. "ಬೆಳಿಗ್ಗೆ ಜೋರು ಮಾಡಿಬಿಟ್ಟೆ ಅಣ್ಣ, ತಪ್ಪಾಯ್ತು" ಅಂದರೆ ಸಾಕು. "ನೀನೂ ಹಾಗೆ ಮಾಡಬಾರದಿತ್ತು" ಅಂತ ಬಾಲ ಸೇರಿಸಬೇಡಿ. ನನ್ನ ಕೇಳಿದರೆ, ಹತ್ತು ದಿನದ ಉಪವಾಸಕ್ಕಿಂತ ಈ ಒಂದು ಮಾತು ಸಿಟ್ಟಿನ ಬೇರನ್ನು ಜಾಸ್ತಿ ಅಲ್ಲಾಡಿಸುತ್ತದೆ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ನಲವತ್ತು ದಿನ ಮಟನ್ ಬಿಟ್ಟು, ಹೆಂಡತಿಗೆ ಬೈಯುವುದನ್ನು ಮಾತ್ರ ಬಿಡದವರನ್ನು ನೀವೂ ಕಂಡಿರುತ್ತೀರಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲವು ಸಲ ಎದುರಿಗಿರುವವರ ಸಿಟ್ಟಿನಲ್ಲಿ ನ್ಯಾಯ ಇರುತ್ತದೆ. ಚೀಟಿಯಲ್ಲಿ ಕಡಿತ ಜಾಸ್ತಿ ಬಿದ್ದಿದ್ದರೆ, ನೀವು ಎಷ್ಟೇ ನಯವಾಗಿ ಮಾತಾಡಿದರೂ ಅದು ತಾಳ್ಮೆ ಅನ್ನಿಸಿಕೊಳ್ಳುವುದಿಲ್ಲ. ಮೋಸದ ತ್ರಾಸು ಯೆಹೋವನಿಗೆ ಅಸಹ್ಯ ಎನ್ನುತ್ತದೆ ಜ್ಞಾನೋಕ್ತಿ 11. ಗುಣಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ನ್ಯಾಯ ಬಿಟ್ಟು ಉಳಿದವು ಪೂರ್ತಿಯಾಗಿ ಬೆಳೆಯುವುದಿಲ್ಲ ಎಂದು 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ವಾದಿಸಿದ್ದರು. ಆದ್ದರಿಂದ ರೈತ ಮೂರನೇ ಸಲ ಕೇಳಿದಾಗ ಮುಖ ನೋಡಿದರೆ ಸಾಲದು, ಚೀಟಿಯನ್ನೂ ಇನ್ನೊಮ್ಮೆ ನೋಡಿ. ತಪ್ಪು ಮಾಲೀಕರದ್ದಾಗಿದ್ದರೆ ಅವರಿಗೆ ಹೇಳುವ ಧೈರ್ಯಕ್ಕೂ ಪ್ರಾರ್ಥಿಸಬೇಕಾಗುತ್ತದೆ. ಅದು ಸುಲಭ ಅಂತ ನಾನು ಹೇಳುತ್ತಿಲ್ಲ.

ಎಷ್ಟು ದಿನ ಬೇಕು ಅಂತ ಕೇಳುತ್ತೀರಿ, ಗೊತ್ತು. ಅದಕ್ಕೆ ಗಡುವು ಇಲ್ಲ. ಆರು ತಿಂಗಳಾದ ಮೇಲೆ ಮನೆಯವರನ್ನು ಕೇಳಿ, ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. "ಏನೂ ಬದಲಾಗಿಲ್ಲ" ಅಂದರೆ ನಿಮ್ಮ ಪಾಸ್ಟರ್ ಹತ್ತಿರ ಒಬ್ಬರೇ ಹೋಗಿ ಕೂತು ಮಾತಾಡಿ. ನಿದ್ದೆಯ ಲೆಕ್ಕವನ್ನೂ ನೋಡಿ. ಸೀಸನ್‌ನಲ್ಲಿ ನಾಲ್ಕಕ್ಕೆ ಏಳುವವರು ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡಿದರೆ ಮರುದಿನ ಯಾರ ಮಾತೂ ರುಚಿಸುವುದಿಲ್ಲ. ಬೈಬಲ್‌ನ ಪ್ರವಾದಿ ಎಲೀಯ ಸಾಕಾಯ್ತು ದೇವರೇ ಅಂತ ಜಾಲಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟ. ನೀವೂ ಒಂದು ವಾರ ಒಂಬತ್ತಕ್ಕೇ ಮಲಗಿ ನೋಡಿ, ಆಮೇಲೆ ಚುಕ್ಕೆ ಎಣಿಸಿ.