‘ಎಕ್ಸೆಂಪ್ಟ್’, ‘ಎಕ್ಸೆಂಪ್ಟೆಡ್’: ಯಾವುದು ಎಲ್ಲಿ?

ಓದುಗರ ಪ್ರಶ್ನೆ: ಶುಲ್ಕ ಕಟ್ಟಬೇಕಾಗಿಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಐ ಆಮ್ ಎಕ್ಸೆಂಪ್ಟ್’ ಎನ್ನಬೇಕೋ, ‘ಐ ಆಮ್ ಎಕ್ಸೆಂಪ್ಟೆಡ್’ ಎನ್ನಬೇಕೋ? ಎರಡಕ್ಕೂ ವಿನಾಯಿತಿ ಎಂಬ ಅರ್ಥವೇ ಅಲ್ಲವೇ?

ಉತ್ತರ: ಎರಡೂ ಸರಿಯಾದ ಪ್ರಯೋಗಗಳೇ, ಆದರೆ ಎರಡೂ ಹೇಳುವ ಸಂಗತಿ ಒಂದೇ ಅಲ್ಲ. ‘ಎಕ್ಸೆಂಪ್ಟ್’ ಎಂಬ ಪದ ಗುಣವಾಚಕವಾಗಿಯೂ ಕ್ರಿಯಾಪದವಾಗಿಯೂ ಬರುತ್ತದೆ. ಗುಣವಾಚಕವಾಗಿ ಬಂದಾಗ ಅದು ಸ್ಥಿತಿಯನ್ನಷ್ಟೇ ತಿಳಿಸುತ್ತದೆ: ನಿಯಮವೊಂದು ಜಾರಿಯಲ್ಲಿದೆ, ಇವರು ಅದರ ವ್ಯಾಪ್ತಿಯ ಹೊರಗಿದ್ದಾರೆ. ‘ಎಕ್ಸೆಂಪ್ಟೆಡ್’ ಎಂದಾಗ ಯಾರೋ ವಿನಾಯಿತಿಯನ್ನು ಕೊಟ್ಟರು ಎಂಬ ಕ್ರಿಯೆ ಮುಂದಕ್ಕೆ ಬರುತ್ತದೆ. ಮಕ್ಕಳು ಶುಲ್ಕ ಕೊಡಬೇಕಾಗಿಲ್ಲ ಎಂದು ನಿಯಮದಲ್ಲಿಯೇ ಬರೆದಿದ್ದರೆ ಮಕ್ಕಳು ‘ಎಕ್ಸೆಂಪ್ಟ್’; ಕಾರಣ ತೋರಿಸಿ ಅರ್ಜಿ ಸಲ್ಲಿಸಿದ ಮೇಲೆ ಶುಲ್ಕದಿಂದ ಬಿಡುಗಡೆ ಪಡೆದವರ ವಿಷಯದಲ್ಲಿ ‘ವಾಸ್ ಎಕ್ಸೆಂಪ್ಟೆಡ್’ ಎಂಬುದು ಹೆಚ್ಚು ಹೊಂದುತ್ತದೆ. ದಿನಬಳಕೆಯಲ್ಲಿ ಈ ಗೆರೆಯನ್ನು ಯಾರೂ ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ಅನುಮಾನವಿದ್ದಲ್ಲಿ ‘ಎಕ್ಸೆಂಪ್ಟ್’ ಎಂದೇ ಬರೆಯುವುದು ಕ್ಷೇಮ.

ಎರಡರ ಮುಂದೆಯೂ ಬರುವ ಪದ ‘ಫ್ರಮ್’. ‘ಆಫ್’ ಆಗಲಿ ‘ಟು’ ಆಗಲಿ ಇಲ್ಲಿ ಸಲ್ಲುವುದಿಲ್ಲ. ಕನ್ನಡದವರಿಗೆ ಇದು ಕಷ್ಟವೇನಲ್ಲ, ಏಕೆಂದರೆ ನಾವೂ ‘ತೆರಿಗೆಯಿಂದ ವಿನಾಯಿತಿ’ ಎಂದೇ ಹೇಳುತ್ತೇವೆ. ಪದದ ಮೂಲವೂ ಇದಕ್ಕೆ ಒಪ್ಪುತ್ತದೆ: ‘ಹೊರಕ್ಕೆ ತೆಗೆ’ ಎಂಬ ಅರ್ಥದ ಲ್ಯಾಟಿನ್ ಧಾತು ‘ಎಕ್ಸಿಮೆರೆ’ಯಿಂದ ಇದು ಹುಟ್ಟಿದೆ. ‘ಎಕ್ಸಾಂಪಲ್’ ಎಂಬ ಪದವೂ ಅದೇ ಧಾತುವಿನದು ಎಂದರೆ ಮೊದಲಿಗೆ ಅಚ್ಚರಿಯಾಗಬಹುದು. ಹಲವುಗಳ ನಡುವಿನಿಂದ ಹೊರತೆಗೆದು ತೋರಿಸಿದ್ದೇ ಉದಾಹರಣೆಯಲ್ಲವೇ?

ನಿಜವಾದ ಗೊಂದಲ ಇರುವುದು ‘ವೇವ್’ (waive, ಮನ್ನಾ ಮಾಡು) ಎಂಬ ಕ್ರಿಯಾಪದದ ಜೊತೆಗೆ ಎಂದು ನನ್ನ ಅನಿಸಿಕೆ. ‘ಎಕ್ಸೆಂಪ್ಟ್’ ಆಗುವುದು ಸಾಮಾನ್ಯವಾಗಿ ಹೊರೆಯನ್ನು ಹೊರಬೇಕಾಗಿದ್ದ ವ್ಯಕ್ತಿ, ಸಂಸ್ಥೆ ಅಥವಾ ವಸ್ತು. ‘ವೇವ್’ ಆಗುವುದು ಆ ಹೊರೆಯೇ, ಅಂದರೆ ಶುಲ್ಕ, ದಂಡ ಅಥವಾ ಷರತ್ತು. ಆದ್ದರಿಂದ ‘ದ ಸ್ಟೂಡೆಂಟ್ ವಾಸ್ ಎಕ್ಸೆಂಪ್ಟೆಡ್ ಫ್ರಮ್ ದ ಫೀ’ ಎಂಬುದೂ ‘ದ ಫೀ ವಾಸ್ ವೇವ್ಡ್’ ಎಂಬುದೂ ಸರಿ, ಆದರೆ ‘ದ ಸ್ಟೂಡೆಂಟ್ ವಾಸ್ ವೇವ್ಡ್’ ಎಂದರೆ ಆ ಅರ್ಥ ಬರುವುದಿಲ್ಲ. ‘ಎಕ್ಸ್‌ಕ್ಯೂಸ್’ ಇವೆರಡಕ್ಕಿಂತ ಸಡಿಲವಾದದ್ದು. ತರಗತಿಯಿಂದ ಒಂದು ದಿನದ ಮಟ್ಟಿಗೆ ಬಿಡುವು ಕೊಡಲು ಶಿಕ್ಷಕರ ಒಪ್ಪಿಗೆ ಸಾಕು, ನಿಯಮದ ಆಧಾರ ಬೇಕಿಲ್ಲ. ಇನ್ನು ‘ಕನ್ಸೆಶನ್’ ಎಂಬುದು ರಿಯಾಯಿತಿ. ಅಲ್ಲಿ ಹೊರೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ತೊಲಗುವುದಿಲ್ಲ.

ಈ ಪದ ಕಂಡಲ್ಲೆಲ್ಲ ಲಾಭವಿದೆ ಎಂದು ಭಾವಿಸಬೇಕಾಗಿಲ್ಲ. ಅಮೆರಿಕದ ಉದ್ಯೋಗ ಜಾಹೀರಾತುಗಳಲ್ಲಿ ಕಾಣುವ ‘ಎಕ್ಸೆಂಪ್ಟ್’ ಹುದ್ದೆ ಎಂದರೆ ಅಲ್ಲಿನ 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆಯ ಓವರ್‌ಟೈಮ್ ನಿಯಮ ಅನ್ವಯಿಸದ ಹುದ್ದೆ. ಆ ಕಾಯ್ದೆಯ ವ್ಯಾಪ್ತಿಗೆ ಬರುವ ಇತರರಿಗೆ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ವೇತನ ಸಿಗಬೇಕು. ‘ಎಕ್ಸೆಂಪ್ಟ್’ ನೌಕರರಿಗೆ ಆ ಹಕ್ಕಿಲ್ಲ. ಇಲ್ಲಿ ವಿನಾಯಿತಿಯ ಪ್ರಯೋಜನ ಸಿಗುವುದು ಮಾಲೀಕರಿಗೆ. ಹಾಗಾಗಿ ಈ ಪದವನ್ನು ಓದಿದಾಗ ಯಾರಿಗೆ ಎಂಬುದರ ಜೊತೆಗೆ ಯಾವ ನಿಯಮದಿಂದ ಎಂಬುದನ್ನೂ ಕೇಳಿಕೊಳ್ಳಬೇಕು.

ಉಚ್ಚಾರಣೆಯ ಬಗೆಗೂ ಒಂದು ಮಾತು. ಒತ್ತು ಎರಡನೆಯ ಭಾಗದ ಮೇಲೆ ಬೀಳುವುದರಿಂದ ‘ಎಕ್ಸಾಮ್’, ‘ಎಕ್ಸಾಕ್ಟ್’ ಪದಗಳಲ್ಲಿ ಆಗುವಂತೆ ಇಲ್ಲಿಯೂ ‘ಕ್ಸ್’ ಎಂಬುದು ‘ಗ್‌ಜ್’ ಆಗಿ, ಪದ ‘ಇಗ್‌ಜೆಂಪ್ಟ್’ ಎಂದು ಕೇಳಿಸುತ್ತದೆ. ನಡುವಿನ ‘ಪ್’ ಅನೇಕರ ಬಾಯಲ್ಲಿ ಕೇಳಿಸುವುದೇ ಇಲ್ಲ, ಆದರೂ ಬರೆಯುವಾಗ ಅದನ್ನು ಬಿಡುವಂತಿಲ್ಲ.